ಅಕ್ಕೋರು ಹಾಕದ ಮತ

ಗೋಪನಕೊಪ್ಪದ ಸರಕಾರಿ ಶಾಲೆಯಲ್ಲಿ ನಾಗರತ್ನಾ ಅಕ್ಕೋರು ಮಾಡಿದ ಪಾಠ ಸಂಜೆಯೊಳಗೆ ಓಣಿಯ ಮನೆಮನೆಗೂ ಮುಟ್ಟುತ್ತಿತ್ತು. ಗಟಾರಕ್ಕೆ ಕಸ ಸುರಿಯಲು ಹೋದ ಅಪ್ಪಂದಿರನ್ನು ಅವರ ಐದನೇ ತರಗತಿಯ ಮಕ್ಕಳು ಅಡ್ಡಗಟ್ಟಿ ನಿಲ್ಲಿಸಿದ್ದುಂಟು. ಶಾಲಾ ಸಂಸತ್ತಿನ ಚುನಾವಣೆ ಬಂತೆಂದರಂತೂ ಅಕ್ಕೋರ ಸಡಗರ ಹೇಳತೀರದು. ಮೂಲೆಗೆ ಹಳೇ ಸೀರೆಯ ಮರೆ ಕಟ್ಟಿಸಿ, ಮಕ್ಕಳನ್ನೇ ಅಧಿಕಾರಿಗಳನ್ನಾಗಿ ಕೂರಿಸಿ, ಇನ್ನೊಬ್ಬರ ಚೀಟಿಯಲ್ಲಿ ಇಣುಕಿದವರ ಕಿವಿ ಹಿಂಡುತ್ತಿದ್ದರು. ಪ್ರಜಾಪ್ರಭುತ್ವದಲ್ಲಿ ಕಿವಿ ಹಿಂಡಬಹುದೇ ಎಂದು ಕೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ ಬಿಡಿ.

ಕಳೆದ ವಿಧಾನಸಭಾ ಚುನಾವಣೆಗೆ ಮುಂಚೆ, ಬೇಸಿಗೆ ಸೂಟಿ ಬಿಡುವ ದಿನ ಅಕ್ಕೋರು ಕಟ್ಟಪ್ಪಣೆ ಮಾಡಿದರು. "ಮನ್ಯಾಗ ದೊಡ್ಡವರೆಲ್ಲಾರೂ ಮತ ಹಾಕಬೇಕು. ಹಾಕಸೋದು ನಿಮ್ಮ ಜವಾಬ್ದಾರಿ. ಸಾಲಿ ಚಾಲೂ ಆದ ದಿನ ಒಬ್ಬೊಬ್ಬರನ್ನ ಕೇಳ್ತೇನಿ."

ಆ ಚುನಾವಣೆಗೆ ಅಕ್ಕೋರಿಗೂ ಡ್ಯೂಟಿ ಬಂತು. ಬೇರೆ ಕ್ಷೇತ್ರದ ಮತಗಟ್ಟೆಯಲ್ಲಿ ಕುಳಿತು ಜನರ ಬೆರಳಿಗೆ ಶಾಯಿ ಹಚ್ಚುವ ಕೆಲಸ. ಡ್ಯೂಟಿಯವರು ತಮ್ಮ ಸ್ವಂತ ಮತವನ್ನು ಮತದಾನಕ್ಕೆ ಮುಂಚೆ ನಡೆಯುವ ತರಬೇತಿಯ ಜಾಗದಲ್ಲಿಯೇ ಹಾಕಿಬಿಡಬೇಕು. ಅಲ್ಲಿ ನೋಡಿದರೆ ಉದ್ದನೆಯ ಸಾಲು, ಮೇಲೆ ರಣಬಿಸಿಲು. ಜೊತೆಯ ಟೀಚರೊಬ್ಬರು ಕಾರಿನಲ್ಲಿ ಮನೆಗೆ ಬಿಡುತ್ತೇನೆಂದು ಕರೆದರು. ಇನ್ನೊಂದು ದಿನ ಹಾಕಿದರಾಯಿತು ಎಂದು ಅಕ್ಕೋರು ಹತ್ತಿಬಿಟ್ಟರು. ಆ ಇನ್ನೊಂದು ದಿನ ಬರಲೇ ಇಲ್ಲ. ಮತದಾನದ ದಿನ ಸಂಜೆಯವರೆಗೆ ಕಂಡವರ ಬೆರಳಿಗೆಲ್ಲ ಶಾಯಿ ಹಚ್ಚಿದರು, ಕಡ್ಡಿ ಜಾರಿ ತಮ್ಮ ಎಡಗೈ ತೋರುಬೆರಳಿಗೂ ಮೆತ್ತಿಕೊಂಡಿತು.

ಶಾಲೆ ತೆರೆದಾಗಲೂ ಉಗುರಿನ ಮೇಲಿನ ಕಲೆ ಹೋಗಿರಲಿಲ್ಲ. ಯಾರ ಮನೆಯವರೆಲ್ಲ ಮತ ಹಾಕಿದ್ದಾರೋ ಅವರು ಕೈ ಎತ್ತಿರಿ ಎಂದಾಗ ಸಾನ್ವಿ ಒಬ್ಬಳೇ ತಲೆ ತಗ್ಗಿಸಿ ಕುಳಿತಳು. ಅವಳ ತಾಯಿ ದುರಗವ್ವ ಖಾನಾವಳಿಯಲ್ಲಿ ರೊಟ್ಟಿ ಬಡಿಯುವವಳು.

"ಅಷ್ಟು ಬಡಕೊಂಡು ಹೇಳಿದ್ದೆ. ನಿಮ್ಮವ್ವಗ ತಿಳಿಸಾಕ ಆಗಲಿಲ್ಲೇನು ನಿನಗ?" ಎಂದರು ಅಕ್ಕೋರು.

ಹುಡುಗರು "ಶೇಮ್ ಶೇಮ್" ಎಂದು ಶುರುಮಾಡಿದರು. ಅಕ್ಕೋರು ತಡೆಯಲಿಲ್ಲ. ಅಷ್ಟರಲ್ಲಿ ಮುಂದಿನ ಸಾಲಿನ ಚಿನ್ಮಯೀ ಕೂಗಿದಳು, "ಅಕ್ಕೋರ ಬೆರಳ ನೋಡ್ರಿ, ಇನ್ನೂ ಶಾಯಿ ಐತಿ!" ಆಗ ಅವರಿಗೆ ಏನು ಬಡಿದಿತ್ತೋ, ಇದು ಮತ ಹಾಕಿದ ಶಾಯಿಯಲ್ಲ ಎನ್ನುವುದು ಬಿಟ್ಟು ಬೆರಳೆತ್ತಿ ಇಡೀ ತರಗತಿಗೆ ತೋರಿಸಿದರು. ಮಕ್ಕಳು ಚಪ್ಪಾಳೆ ತಟ್ಟಿದರು. ಸಾನ್ವಿಯೂ ತಟ್ಟಿದಳು.

ಮರುದಿನ ದುರಗವ್ವ ಬಂದು ಶಾಲೆಯ ಪಡಸಾಲೆಯಲ್ಲಿ ನಿಂತಳು. ಸೆರಗಿಗೆ ಜೋಳದ ಹಿಟ್ಟು ಮೆತ್ತಿತ್ತು.

"ತಪ್ಪಾತ್ರಿ ಅಕ್ಕೋರ. ಮಾಲಕರು ಬಿಡಲಿಲ್ರಿ, ಹೋದ್ರ ಅವತ್ತಿನ ಪಗಾರ ಕಟ್ ಅಂದ್ರು. ಹುಡುಗಿ ನಿನ್ನಿಯಿಂದ ನನ್ನ ಕೂಡ ಮಾತಾಡವಲ್ಲದು. ಮುಂದಿನ ಸರ್ತಿ ಖರೇನ ಹಾಕ್ತೇನ್ರಿ. ನೀವ ಒಂದ ಮಾತ ಹೇಳ್ರಿ ಆಕಿಗೆ." ಅಷ್ಟು ಹೇಳಿ ಕೈ ಮುಗಿದಳು.

ಆ ಮುಗಿದ ಕೈಗಳ ಮುಂದೆ ನಾಗರತ್ನಾ ಅಕ್ಕೋರಿಗೆ ಭೂಮಿ ಬಾಯಿ ಬಿಟ್ಟರೆ ಇಳಿದುಹೋಗಬೇಕೆನಿಸಿತು. "ದುರಗವ್ವಾ, ನಾನೂ ಮತ ಹಾಕಿಲ್ಲವ್ವಾ. ಇದು ಡ್ಯೂಟಿಯೊಳಗ ಹತ್ತಿದ ಶಾಯಿ," ಎಂದುಬಿಟ್ಟರು. ಬೈಸಿಕೊಂಡರೆ ಹಗುರಾದೀತು ಎಂದುಕೊಂಡಿದ್ದರು.

ದುರಗವ್ವ ಬೈಯಲಿಲ್ಲ. ಗಾಬರಿಯಿಂದ ತರಗತಿಯ ಬಾಗಿಲ ಕಡೆ ನೋಡಿದಳು. "ಮೆತ್ತಗ ಮಾತಾಡ್ರಿ ಅಕ್ಕೋರ, ಹುಡುಗೂರು ಕೇಳ್ಯಾವು. ನಿಮ್ಮ ಮ್ಯಾಲ ಭಾಳ ನಂಬಿಗಿ ಇಟ್ಟಾವು. ನನಗ ಅಂದದ್ದು ಇರಲಿ ಬಿಡ್ರಿ, ನಿಮಗ ಅನಬಾರದು." ಸೆರಗು ಸರಿಮಾಡಿಕೊಂಡು ಕೆಲಸಕ್ಕೆ ಹೊರಟುಹೋದಳು.

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರಲು ಮನಸ್ಸೂ ಆಯಿತು, ಸುಳ್ಳೇಕೆ ಹೇಳಬೇಕು. ಆದರೆ ತನ್ನ ಮಾನ ಕಳೆದವರ ಮಾನವನ್ನು ದುರಗವ್ವನೇ ಕಾಯುವುದೆಂದರೆ ಅದನ್ನು ಹೊತ್ತು ತರಗತಿಯೊಳಗೆ ಹೇಗೆ ಹೋಗುವುದು? ಅಕ್ಕೋರು ಒಳಗೆ ಹೋಗಿ, ಕುರ್ಚಿಯ ಹಿಡಿಕೆ ಗಟ್ಟಿಯಾಗಿ ಹಿಡಿದು, ಎಲ್ಲವನ್ನೂ ಹೇಳಿದರು. ತಾವು ಮತ ಹಾಕಲಿಲ್ಲ, ಬೆರಳು ತೋರಿಸಿದ್ದು ಸುಳ್ಳು, ಸಾನ್ವಿಗೆ ಅಂದದ್ದು ತಪ್ಪು.

ಯಾರೂ "ಶೇಮ್" ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ಸಾನ್ವಿ ಎದ್ದು ನಿಂತಳು. ದನಿಯಲ್ಲಿ ಸಿಟ್ಟಿರಲಿಲ್ಲ, ಗಣಿತದ ಲೆಕ್ಕ ತಿಳಿಯದಿದ್ದಾಗ ಕೇಳುವ ಹಾಗೆಯೇ ಕೇಳಿದಳು.

"ನಮ್ಮವ್ವಗ ಪಗಾರ ಕಟ್ ಆಗ್ತಿತ್ರಿ ಅಕ್ಕೋರ. ನಿಮಗ ಏನ ಆಗ್ತಿತ್ರಿ?"