ಹೊಸಿಲಿಲ್ಲದ ಜಾಗ

ಬೆಳಿಗ್ಗೆ ಮೊಮ್ಮಗಳು ಕಂಪ್ಯೂಟರ್ ಪುಸ್ತಕ ಹಿಡಿದು, "ಸೈಬರ್‌ಸ್ಪೇಸ್ ಅಂದ್ರೆ ಊರೂ ಅಲ್ಲ, ಮನೆಯೂ ಅಲ್ಲ, ಆದ್ರೂ ಜನ ಸೇರೋ ಜಾಗ. ನಿಂಗರ್ಥ ಆಗಲ್ಲ ಬಿಡಜ್ಜಿ" ಅಂದಳು. ನನಗೆ ಸಿಂಗಟಗೆರೆ ಅಂಚೆ ಕಚೇರಿಯ ಕಪ್ಪು ಫೋನು ನೆನಪಾಯಿತು.

ನಾನು ಚಿಕ್ಕವಳಿದ್ದಾಗ, ತವರಿನ ಹಿತ್ತಾಳೆ ಹಂಡೆಗಾಗಿ ನಮ್ಮಜ್ಜಿ ತರೀಕೆರೆಯಲ್ಲಿದ್ದ ತನ್ನಕ್ಕನ ಜೊತೆ ಜಗಳವಾಡಿ, "ಅವಳ ಹೊಸಿಲು ತುಳಿಯಲ್ಲ, ಮುಖ ನೋಡಲ್ಲ" ಎಂದು ದೇವರ ಮುಂದೆ ಆಣೆ ಇಟ್ಟಿದ್ದಳು. ಅಕ್ಕನಿಗೆ ಕಣ್ಣಿನ ಆಪರೇಷನ್ ಆಯಿತೆಂದು ತಿಳಿದಾಗ ಉಣ್ಣದೆ ಕೂತಳು, ಆಣೆಯನ್ನಂತೂ ಬಿಡಲಿಲ್ಲ.

ಅಕ್ಕನ ಎದುರುಮನೆಯಲ್ಲಿ ಫೋನಿತ್ತು. ನಾನೇ ಅಂದೆ: "ಫೋನೊಳಗೆ ಹೊಸಿಲೂ ಇಲ್ಲ, ಮುಖಾನೂ ಕಾಣಲ್ಲ ಕಣಜ್ಜಿ. ಆಣೆ ಹೆಂಗೆ ಮುರೀತದೆ?"

"ಅಯ್ಯೋ ಮೂಳಿ, ಇದನ್ನ ನಿನ್ನೆನೇ ಹೇಳೋಕೇನಾಗಿತ್ತು ನಿಂಗೆ!" ಎಂದು ಅಜ್ಜಿ ಸೀರೆ ಬದಲಾಯಿಸಿ ಹೊರಟಳು.

ಟ್ರಂಕ್ ಕಾಲ್ ಸಿಕ್ಕಿ, ಎದುರುಮನೆಯವರು ಅಕ್ಕನನ್ನು ಫೋನಿಗೆ ಕರೆತಂದಾಗ ಅಂಚೆ ಕಚೇರಿ ನಡುಗುವಂತೆ ಕೂಗಿದಳು: "ಅಕ್ಕಾ, ಹಂಡೆ ನೀನೇ ಇಟ್ಕಳೇ! ಕಣ್ಣು ಹೆಂಗೈತೆ?" ಆ ಕಡೆ ಅಳು, ಈ ಕಡೆ ಅಳು. ನಾನು ಮಾತ್ರ ಸೊಂಟಕ್ಕೆ ಕೈಯಿಟ್ಟು, ಊರನ್ನೇ ಗೆದ್ದವಳಂತೆ ನಿಂತಿದ್ದೆ.

ಮೊಮ್ಮಗಳಿಗೆ ಇಷ್ಟನ್ನೂ ಹೇಳಿ, "ನಿನ್ನ ಪುಸ್ತಕದ ಜಾಗಕ್ಕೆ ನಾಲ್ಕನೇ ಕ್ಲಾಸಲ್ಲೇ ನಮ್ಮಜ್ಜೀನ ಕರ್ಕೊಂಡೋಗಿದ್ದೆ ಕಣೇ" ಎಂದೆ. ಹುಡುಗಿ ಪುಸ್ತಕ ಮುಚ್ಚಿಟ್ಟು ನನ್ನ ಪಕ್ಕ ಬಂದು ಕೂತಳು.