ಕಪ್ಪಾದ ರಸೀದಿ

ಕಾಗದ ಎಂದರೆ ಅದನ್ನು ಲ್ಯಾಮಿನೇಟ್ ಮಾಡಿಸಬೇಕು ಎನ್ನುವುದು ನಮ್ಮ ಮನೆಯವರ ಹಳೆಯ ನಂಬಿಕೆ. ಮಂಗಳೂರಿನ ತೇವಕ್ಕೆ ಕಪಾಟಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುವುದನ್ನು ನೋಡಿ ಬೆಳೆದವನು ನಾನು. ಅಮ್ಮ ಹೆಬ್ಬೆಟ್ಟು ಒತ್ತಿದ ರೇಷನ್ ಕಾರ್ಡು, ನನ್ನ ಹತ್ತನೆಯ ತರಗತಿಯ ಅಂಕಪಟ್ಟಿ, ಇಗರ್ಜಿಯಲ್ಲಿ ಕೊಟ್ಟ ಮದುವೆಯ ಸರ್ಟಿಫಿಕೇಟು, ಕೊನೆಗೆ ಫ್ರಿಜ್ಜಿನ ಗ್ಯಾರಂಟಿ ಕಾರ್ಡನ್ನೂ ನಾನು ಬಿಟ್ಟಿಲ್ಲ. ಬಹರೈನಿಗೆ ಬಂದು ಮನಾಮದ ಒಂದು ಟೈಪಿಂಗ್ ಮತ್ತು ಅನುವಾದದ ಆಫೀಸಿನಲ್ಲಿ ಕೂತ ಮೇಲಂತೂ ಚಟ ವಿಪರೀತವಾಯಿತು. ಮೆಷಿನ್ ನನ್ನ ಮೇಜಿನ ಪಕ್ಕದಲ್ಲೇ ಇದೆ.

ಎದುರಿನ ಮೇಜಿನಲ್ಲಿ ನಮ್ಮ ಸ್ಪ್ಯಾನಿಷ್ ಅನುವಾದಕ ಕೂರುತ್ತಾನೆ. ನನಗಿಂತ ಎಂಟು ವರ್ಷ ಚಿಕ್ಕವನು, ಪಶ್ಚಿಮ ಸಹಾರಾದವನು. ಮೊದಲ ದಿನ ಅವನು ಊರಿನ ಹೆಸರು ಹೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ, ಆದರೂ ಬಲ್ಲವನ ಹಾಗೆ ತಲೆಯಾಡಿಸಿದ್ದೆ. ಅವನ ಅಪ್ಪ ಅಮ್ಮನ ಊರು ಒಂದು ದೇಶದ ಕೈಯಲ್ಲಿದೆ. ಅವನು ಹುಟ್ಟಿದ್ದು ಪಕ್ಕದ ಇನ್ನೊಂದು ದೇಶದ ನಿರಾಶ್ರಿತರ ಡೇರೆಯಲ್ಲಿ. ಸ್ವತಂತ್ರವಾಗಿರುತ್ತೀರೋ, ಆ ದೇಶದೊಳಗೇ ಇರುತ್ತೀರೋ ಎಂದು ಅಲ್ಲಿನ ಜನರನ್ನೇ ಕೇಳುವ ಜನಮತಗಣನೆ ಮಾಡಿಸುತ್ತೇವೆಂದು ಜಗತ್ತಿನ ದೊಡ್ಡವರೆಲ್ಲ ಮಾತು ಕೊಟ್ಟಿದ್ದರು. ಅವನು ಹುಡುಗನಾಗಿದ್ದಾಗ ಅದು ಸದ್ಯದಲ್ಲೇ ಆಗುವುದಿತ್ತು. ಈಗ ಅವನ ತಲೆ ಅರ್ಧ ನೆರೆತಿದೆ, ಅದು ಇನ್ನೂ ಸದ್ಯದಲ್ಲೇ ಇದೆ.

ಊಟದ ಹೊತ್ತಿಗೆ ಅವನು ಫೋನಿನಲ್ಲಿ ಸುದ್ದಿ ಓದಿ ಹೇಳುತ್ತಿದ್ದ. ಮಾತುಕತೆ ನಡೆಸಲೆಂದು ನೇಮಿಸಿದ ರಾಯಭಾರಿ ಈ ರಾಜಧಾನಿಗೆ ಹೋದರಂತೆ, ಆ ರಾಜಧಾನಿಯಲ್ಲಿ ಇಳಿದರಂತೆ, ಮಾತುಕತೆ ಫಲಪ್ರದವಂತೆ. "ನಿನ್ನ ರಾಯಭಾರಿ ಊರು ಸುತ್ತಿದ್ದೇ ಬಂತು ಮಾರಾಯ, ಅವರಿಗೊಂದು ಟ್ರಾವೆಲ್ ಏಜೆನ್ಸಿ ಹಾಕಿಕೊಡು" ಎಂದು ನಾನು ರೇಗಿಸುತ್ತಿದ್ದೆ. ಅವನು ನಗುತ್ತಿದ್ದ.

ಎಲ್ಲ ಕಗ್ಗಂಟಾದದ್ದು ಮತ ಹಾಕುವವರು ಯಾರು ಎಂಬಲ್ಲಿ. ಅದನ್ನು ಒಮ್ಮೆ ಅವನೇ ವಿವರಿಸಿದ್ದ. ಡೇರೆಯೊಳಗೆ ಹೊರದೇಶದ ಅಧಿಕಾರಿಗಳು, ಅವರ ಪಕ್ಕದಲ್ಲಿ ಎರಡೂ ಕಡೆಯಿಂದ ಬಂದ ಒಬ್ಬೊಬ್ಬ ಕುಲದ ಹಿರಿಯ. ಕಾಗದಪತ್ರ ಇಲ್ಲದವರು ಎದುರು ನಿಂತು ಅಪ್ಪ, ಅಜ್ಜ, ಮುತ್ತಜ್ಜನ ಹೆಸರು ಹೇಳಬೇಕು. ಹಿರಿಯರು ಇವರು ನಮ್ಮವರು ಎನ್ನಬೇಕು. ಅವನ ತಾಯಿ ಅವನ ಕೈ ಹಿಡಿದುಕೊಂಡು ನಿಂತಾಗ ಈ ಕಡೆಯ ಹಿರಿಯ ಹೌದು ಎಂದ. ಆ ಕಡೆಯ ಹಿರಿಯ ನೆಲ ನೋಡುತ್ತಾ, ನನಗೆ ಗೊತ್ತಿಲ್ಲ ಎಂದ. ಆ ಹಿರಿಯ ಆಕೆಯ ಸ್ವಂತ ಚಿಕ್ಕಪ್ಪ.

ಮತದಾರರ ಪಟ್ಟಿಗೆ ಹೆಸರು ಸೇರದೆ ಆಕೆ ಮೇಲ್ಮನವಿ ಹಾಕಿದಳು. ಆಕೆಯ ಅರ್ಜಿಯ ಪ್ರತಿಯೇ ಸಂಖ್ಯೆ ಹೊತ್ತು ರಸೀದಿಯಾಗಿ ಫ್ಯಾಕ್ಸಿನಲ್ಲಿ ಬಂತು. ವಿಚಾರಣೆಗೆ ಕರೆ ಬರಲೇ ಇಲ್ಲ. ಎರಡು ವರ್ಷದ ಹಿಂದೆ ಆಕೆ ತೀರಿಕೊಂಡಾಗ ಬಟ್ಟೆಯಲ್ಲಿ ಸುತ್ತಿಟ್ಟ ಆ ರಸೀದಿ ಇವನ ಕೈಗೆ ಬಂತು. ಮತ್ತೆ ಪಟ್ಟಿ ತೆರೆದರೆ ತಾಯಿ ಸಾಲಿನಲ್ಲಿ ನಿಂತಿದ್ದಳು ಎನ್ನಲು, ಅವಳ ಮಗನೆಂದು ತಾನೂ ನಿಲ್ಲಲು, ಅವನ ಬಳಿ ಇದ್ದದ್ದು ಅದೊಂದೇ.

ಕಳೆದ ಚಳಿಗಾಲದಲ್ಲಿ ಮಾತುಕತೆಯ ಸುದ್ದಿ ಜೋರಾಯಿತು. ಒಂದು ಬೆಳಿಗ್ಗೆ ಅವನು ರಸೀದಿಯನ್ನು ತಂದು, "ಅಕ್ಷರ ಮಾಸುತ್ತಿದೆ. ಎರಡು ಝೆರಾಕ್ಸ್ ತೆಗೆದಿಡು, ಹಬೀಬಿ" ಎಂದು ಕೊಟ್ಟು ಮೀಟಿಂಗಿಗೆ ಹೋದ. ನುಣುಪಾದ, ಬೂದು ಬಣ್ಣಕ್ಕೆ ತಿರುಗಿದ ಕಾಗದ. ಮಡಿಕೆಗಳು ಹರಿಯುವಂತಿದ್ದವು. ಝೆರಾಕ್ಸ್ ಮೆಷಿನ್ನಿನ ಮುಚ್ಚಳ ಒತ್ತಿದರೆ ಹರಿದೇ ಹೋದೀತು, ಮೊದಲು ಲ್ಯಾಮಿನೇಟ್ ಮಾಡಿ ಆಮೇಲೆ ತೆಗೆಯೋಣ ಎಂದುಕೊಂಡೆ. ಅವನಿಗೆ ಖುಷಿಯಾಗುತ್ತದೆ ಎಂದೂ ಅನ್ನಿಸಿತು.

ಹಳೆಯ ಫ್ಯಾಕ್ಸ್ ಕಾಗದ ಬಿಸಿ ತಾಗಿದರೆ ಕಪ್ಪಾಗುತ್ತದೆ. ಇಪ್ಪತ್ತೆರಡು ವರ್ಷ ಕಾಗದದ ಕೆಲಸ ಮಾಡಿದ ನನಗೆ ಅದು ಹೊಳೆಯಲಿಲ್ಲ. ಲ್ಯಾಮಿನೇಷನ್ ಮೆಷಿನ್ನಿನ ಆ ಬದಿಯಿಂದ ಬಂದದ್ದು ತುದಿಯಿಂದ ತುದಿಗೆ ಕರ್ರಗಿನ ಹಾಳೆ. ಬೆಳಕಿಗೆ ಹಿಡಿದೆ, ಓರೆ ಮಾಡಿದೆ, ಒಂದಕ್ಷರ ಕಾಣಲಿಲ್ಲ.

ಅವನು ಬೈಯಲಿಲ್ಲ. ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನೋಡಿ, ಡ್ರಾಯರಿನಲ್ಲಿಟ್ಟು, ರಜೆ ಹಾಕಿ ಹೋದ. ಬೈದಿದ್ದರೆ ವಾಸಿಯಿತ್ತು.

ಮಾಹೂಝಿನ ನಮ್ಮ ಫ್ಲ್ಯಾಟಿನಲ್ಲಿ ಮಾತೆಲ್ಲ ಕೊಂಕಣಿಯೇ. ಕನ್ನಡ ಮೀಡಿಯಮ್ಮಿನಲ್ಲಿ ಓದಿದ ಹೆಂಡತಿ ಜಗಳಕ್ಕೆ ಮಾತ್ರ ಕನ್ನಡ ಬಳಸುತ್ತಾಳೆ. ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದವಳಿಗೆ ವಿಷಯ ಹೇಳಿದೆ. "ಅವರು ಝೆರಾಕ್ಸ್ ಅಲ್ವಾ ಕೇಳಿದ್ದು? ಹೇಳಿದ್ದಷ್ಟು ಮಾಡ್ಲಿಕ್ಕೆ ನಿಮಗೆ ಎಂಥ ಕಷ್ಟ ಉಂಟು ಮಾರಾಯ್ರೆ?" ಎಂದಳು.

ಮರುದಿನ ಅವನೇ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತ. ಕಣ್ಣು ಕೆಂಪಾಗಿತ್ತು.

"ನಮ್ಮಲ್ಲಿ ಕಾಗದ ಇಲ್ಲದಿದ್ದರೆ ಕಂಡವರ ಮಾತು ನಡೆಯುತ್ತದೆ. ನೀನು ಕಂಡಿದ್ದೀಯಲ್ಲ? ರಸೀದಿಯನ್ನು ಕಂಡಿದ್ದೇನೆ ಎಂದು ನಿನ್ನ ಹೆಸರಲ್ಲಿ ಒಂದು ಪ್ರಮಾಣಪತ್ರ ಟೈಪ್ ಮಾಡು."

"ಮಾಡುತ್ತೇನೆ" ಎಂದೆ.

ರಸೀದಿಯ ಸಂಖ್ಯೆಯನ್ನು ತಾಯಿ ಅವನಿಗೆ ಮಗ್ಗಿಯಂತೆ ಬಾಯಿಪಾಠ ಮಾಡಿಸಿದ್ದಳು. ಅವನು ಹೇಳುತ್ತಾ ಹೋದ, ನಾನು ಟೈಪ್ ಮಾಡುತ್ತಾ ಹೋದೆ. ಆ ಸಂಖ್ಯೆಯನ್ನು ನಾನು ಕಂಡಿರಲಿಲ್ಲ. ಮಡಿಕೆ ಕಂಡಿದ್ದೆ, ಬಣ್ಣ ಕಂಡಿದ್ದೆ. ಬರೆದದ್ದನ್ನು ಓದಿರಲಿಲ್ಲ. ದಿನವೂ ಯಾರ್ಯಾರದೋ ಕಾಗದ ಕೈದಾಟಿಸುವ ನನಗೆ ಓದುವ ಅಭ್ಯಾಸವೇ ತಪ್ಪಿಹೋಗಿದೆ.

ಅರ್ಧದಲ್ಲಿ ಅವನು ನನ್ನ ಕೈ ಹಿಡಿದು ನಿಲ್ಲಿಸಿದ. "ನಿಜವಾಗಿ ಕಂಡಿದ್ದೀಯಲ್ಲ? ಇಲ್ಲದಿದ್ದರೆ ಬೇಡ. ಒಂದು ಸುಳ್ಳು ಸಾಕ್ಷಿ ಸಿಕ್ಕಿದರೆ ಸಾಕು, ನಮ್ಮವರನ್ನೆಲ್ಲ ಸುಳ್ಳುಗಾರರೆಂದು ತಳ್ಳಿಹಾಕುತ್ತಾರೆ."

ಇಲ್ಲ ಎನ್ನಬೇಕಿತ್ತು. ಅವನ ಮುಖ ನೋಡಿ ಆಗಲಿಲ್ಲ. "ಸರಿಯಾಗಿ ಕಂಡಿದ್ದೇನೆ. ಸಂಖ್ಯೆ ಮೇಲಿತ್ತು. ಕೆಳಗೆ ನಿನ್ನ ಅಮ್ಮನ ಹೆಬ್ಬೆಟ್ಟಿನ ಗುರುತು" ಎಂದೆ.

ಅವನು ನನ್ನ ಕೈ ಬಿಟ್ಟ.

"ಹೆಬ್ಬೆಟ್ಟಲ್ಲ, ಸಹಿ" ಎಂದ ಮೆಲ್ಲಗೆ. "ಅಧಿಕಾರಿಗಳ ಮುಂದೆ ಹೆಬ್ಬೆಟ್ಟು ಒತ್ತಬಾರದು ಅಂತ ಅಮ್ಮ ಇಡೀ ಒಂದು ಚಳಿಗಾಲ ಕೂತು ಹೆಸರು ಬರೆಯಲು ಕಲಿತಿದ್ದಳು. ಮರಳಿನ ಮೇಲೆ ಬೆರಳಲ್ಲಿ ಬರೆದು ತೋರಿಸುತ್ತಿದ್ದವನು ನಾನೇ."

ಅವನೇ ಕೀಬೋರ್ಡಿಗೆ ಕೈಚಾಚಿ ನಾನು ಟೈಪ್ ಮಾಡಿದ್ದನ್ನೆಲ್ಲ ಅಳಿಸಿದ. ಕುರ್ಚಿಯನ್ನು ತನ್ನ ಮೇಜಿಗೆ ಎಳೆದುಕೊಂಡು ಹೋಗಿ, ಬಾಕಿಯಿದ್ದ ಅನುವಾದ ತೆರೆದ.

ಈಗಲೂ ನಾವು ಎದುರುಬದುರೇ ಕೂರುತ್ತೇವೆ, ಜೊತೆಯಲ್ಲೇ ಉಣ್ಣುತ್ತೇವೆ. ಆ ಕಪ್ಪು ಹಾಳೆ ಅವನ ಡ್ರಾಯರಿನಲ್ಲೇ ಇದೆ. ಊಟದ ಹೊತ್ತಿಗೆ ಈಗ ಫೋನಿನಲ್ಲಿ ರಾಯಭಾರಿಯ ಸುದ್ದಿ ಹುಡುಕಿ ಹೇಳುವವನು ನಾನು. ಒಂದು ಪದವನ್ನೂ ಬಿಡದೆ ಓದುತ್ತೇನೆ. ಅವನು ರೊಟ್ಟಿ ಮುರಿಯುತ್ತಾ ಕೇಳಿಸಿಕೊಳ್ಳುತ್ತಾನೆ.