ಓರ್ಫೆಲಿನಾ ಉಳಿಸಿದ ಬಣ್ಣ

ಬುಡಿ ಸರೋವರದ ದಂಡೆಯ ಮಾಕಿ ಸಹಕಾರ ಸಂಘದಲ್ಲಿ ನಾನು ಪಿಕಪ್ ಓಡಿಸುತ್ತೇನೆ. ಇಳಿಜಾರಿನಲ್ಲಿ ಪಿಕಪ್ಪೇ ನನ್ನನ್ನು ಓಡಿಸುತ್ತದೆ ಎಂದು ಊರಿನವರು ಆಡಿಕೊಳ್ಳುತ್ತಾರೆ. ಸುಳ್ಳೇನಲ್ಲ. ಸಂಘದ ಪುಡಿಮನೆ ನಡೆಸುವವರು ಓರ್ಫೆಲಿನಾ ವೈಕಿಲ್. ಹಿರಿಯ ಹೆಂಗಸರನ್ನು ನಾವು ಕರೆಯುವ ಹಾಗೆ, ಎಲ್ಲರಿಗೂ ಅವರು ಪಾಪಾಯ್.

ಮಾಕಿ ಎಂದರೆ ಕಾಳುಮೆಣಸಿನಷ್ಟು ಹಣ್ಣು. ನಾಲ್ಕು ಬಾಯಿಗೆ ಹಾಕಿಕೊಂಡರೆ ಹಲ್ಲೆಲ್ಲ ನೇರಳೆ. ಪಾಪಾಯ್ ಅವರ ಅಪ್ಪ ಅದನ್ನು ತಗಡಿನ ಮಾಡಿನ ಮೇಲೆ ಒಣಗಿಸುತ್ತಿದ್ದರು. ಸಂಜೆಗೆ ಕಂದುಬಣ್ಣದ ಕಾಳು ಸಿಗುತ್ತಿತ್ತು. ಎಷ್ಟೋ ವರ್ಷದ ಮೇಲೆ ಪಾಪಾಯ್ ತೆಮುಕೋ ಪೇಟೆಗೆ ಹೋಗಿ ತರಬೇತಿ ಪಡೆದು ಬಂದು, ಮನೆಮನೆಗೆ ಹೋಗಿ ಹೇಳಿದರು: "ಬಿಸಿಲು ಸಿಹಿ ಬಿಟ್ಟು ಬಣ್ಣ ತಿಂದುಬಿಡುತ್ತೆ. ಔಷಧಿ ಗುಣ ಇರೋದೇ ಆ ಬಣ್ಣದಲ್ಲಿ. ಹಸಿ ಹಣ್ಣು ನನ್ನ ಕೈಗೆ ಕೊಡಿ." ಹಣ್ಣನ್ನು ಮೊದಲು ಕಲ್ಲಿನಂತೆ ಹೆಪ್ಪುಗಟ್ಟಿಸಬೇಕು, ಆಮೇಲೆ ಯಂತ್ರದಲ್ಲಿ, ಅದು ಕರಗದ ಹಾಗೆಯೇ, ನೀರನ್ನಷ್ಟೇ ಎಳೆದು ತೆಗೆದು, ಪುಡಿ ಮಾಡಬೇಕು. ಹೆಂಗಸರಿಗೆ ಯಂತ್ರದ ಮೇಲೆ ನಂಬಿಕೆ ಬರಲಿಲ್ಲ. ಪಾಪಾಯ್ ಮೇಲೆ ಬಂತು. ಆ ಬೇಸಿಗೆಯ ಹಣ್ಣನ್ನೆಲ್ಲ ತಂದು ಸುರಿದರು.

ನಮ್ಮ ಕಡೆ ನಡುಬೇಸಿಗೆಯಾದ ಜನವರಿಯ ಒಂದು ಬೆಳಿಗ್ಗೆ, ಹಣ್ಣು ಹೆಪ್ಪುಗಟ್ಟಿಸಿಟ್ಟಿದ್ದ ಶೀತಕೋಣೆಯ ಮೋಟಾರು ನಿಂತುಹೋಯಿತು. ರಿಪೇರಿಯವನು ಬರುವುದು ಮಾರನೆಯ ದಿನ. ಅಷ್ಟರಲ್ಲಿ ಹಣ್ಣು ಕರಗಿ ರಸ ಬಿಟ್ಟರೆ ಬಣ್ಣಕ್ಕೆ ಗಾಳಿ ತಗುಲುತ್ತದೆ, ಪುಡಿ ಕಂದಾಗುತ್ತದೆ. ಆಮೇಲೆ ಈ ದಂಡೆಯಲ್ಲಿ ಯಾರೂ ಪಾಪಾಯ್ ಕೈಗೆ ಒಂದು ಬೊಗಸೆ ಮಾಕಿಯನ್ನೂ ಕೊಡುವುದಿಲ್ಲ.

"ಮನೆಮನೆ ಫ್ರೀಜರಿನಲ್ಲಿ ಹಂಚಿಡೋಣ," ಎಂದರು ಪಾಪಾಯ್. "ಚೀಲಗಳ ಮೇಲೆ ಉಣ್ಣೆ ಕಂಬಳಿ ಹೊದಿಸು."

"ಕಂಬಳಿ ಹೊದ್ದರೆ ಹಣ್ಣಿಗೆ ಸೆಕೆ ಆಗಲ್ವಾ ಪಾಪಾಯ್?"

"ಹಣ್ಣಿಗೆ ಜೀವ ಇದೆಯೇನಪ್ಪ ಸೆಕೆ ಆಗೋಕೆ? ಒಳಗಿನ ತಂಪು ಒಳಗೇ ಇರಲಿ ಅಂತ. ಹೊದಿಸು."

ಚೀಲಗಳನ್ನು ಪಿಕಪ್ಪಿಗೆ ಹೇರಿ ಹೊದಿಸಿದೆ. ನನ್ನ ನಿಜವಾದ ಸಂಕಟ ಶುರುವಾದದ್ದು ಮೊದಲ ಮನೆಯಲ್ಲಿ. ನಮ್ಮ ಮಾಪುಚೆ ಜನರಲ್ಲಿ ಯಾರ ಮನೆಗೆ ಹೋದರೂ ಕುಶಲ ವಿಚಾರಿಸದೆ ಕೆಲಸದ ಮಾತು ಎತ್ತುವಂತಿಲ್ಲ. ಮನೆಯವರು, ಮಕ್ಕಳು, ಸೋದರಮಾವಂದಿರು, ದನ, ಕುರಿ, ಆಲೂಗಡ್ಡೆ ಬೆಳೆ, ಎಲ್ಲ ಆಗಬೇಕು. ಪಾಪಾಯ್ ಒಂದನ್ನೂ ಬಿಡಲಿಲ್ಲ. ಎರಡನೆಯ ಮನೆಯಲ್ಲೂ ಅಷ್ಟೇ. ಅಲ್ಲಿನ ಕೋಳಿಗಳ ಆರೋಗ್ಯ ಕೇಳುತ್ತಿದ್ದಾಗ ಚೀಲದಿಂದ ನೇರಳೆ ಹನಿಯೊಂದು ರಸ್ತೆಗೆ ಬಿತ್ತು. ನಾನು ತಡೆಯಲಾರದೆ, ಅವರನ್ನು ಅಲ್ಲೇ ಬಿಟ್ಟು, ಅತಿ ದೊಡ್ಡ ಫ್ರೀಜರಿರುವ ಮುದುಕ ಅರ್ತೆಮಿಯೊ ಮನೆಗೆ ಗಾಡಿ ಹೊಡೆದೆ.

"ಅಜ್ಜಾ, ಫ್ರೀಜರ್ ಬೇಕಿತ್ತು."

ಅಜ್ಜ ನನ್ನನ್ನೂ ಪಿಕಪ್ಪನ್ನೂ ನೋಡಿದರು. "ಎಲ್ಲಾದರೂ ಬೆಂಕಿ ಬಿದ್ದಿದೆಯಾ?"

"ಇಲ್ಲ."

"ನಿಮ್ಮಮ್ಮ ಹುಷಾರಾಗಿದ್ದಾಳಾ?"

"ಇದ್ದಾಳೆ. ಫ್ರೀಜರ್..."

"ಫ್ರೀಜರಿನಲ್ಲಿ ಮೊಮ್ಮಗಳ ಮದುವೆಯ ಕುರಿಮಾಂಸ ಇದೆ. ಅದೂ ಹುಷಾರಾಗಿದೆ," ಎಂದು ಅಜ್ಜ ಬೆಂಚಿನ ಮೇಲೆ ಕೂತರು. ಅಲ್ಲಿಗೆ ಮಾತು ಮುಗಿಯಿತು.

ಅಷ್ಟರಲ್ಲಿ ಪಾಪಾಯ್ ಯಾರದೋ ಎತ್ತಿನಗಾಡಿಯಲ್ಲಿ ಬಂದಿಳಿದರು. ನನ್ನತ್ತ ನೋಡಲಿಲ್ಲ. ಅಜ್ಜನ ಎದುರು ಕೂತು ಮೊದಲಿನಿಂದ ಶುರುಮಾಡಿದರು: ಮಗ, ಸೊಸೆ, ಮದುವೆಯ ಹುಡುಗಿ, ಕುಂಟುತ್ತಿದ್ದ ಹೆಣ್ಣುಕುದುರೆ. ಅಜ್ಜ ಒಂದೊಂದಕ್ಕೂ ಸಮಾಧಾನವಾಗಿ ಉತ್ತರ ಕೊಟ್ಟರು. ಆಮೇಲೆ ಕೇಳುವ ಸರದಿ ಅವರದು.

"ನೀನು ಹೇಗಿದ್ದೀಯಮ್ಮ ತಂಗಿ?"

"ಚೆನ್ನಾಗಿಲ್ಲ ಅಣ್ಣ," ಎಂದರು ಪಾಪಾಯ್. "ಊರಿನ ಹೆಂಗಸರು ನನ್ನ ಮಾತು ನಂಬಿ ಕೊಟ್ಟ ಹಣ್ಣು ಹೊರಗೆ ಕರಗ್ತಾ ಇದೆ."

ಅಷ್ಟೂ ಹೊತ್ತು ಪಾಪಾಯ್ ಈ ಒಂದು ಪ್ರಶ್ನೆಗಾಗಿ ಕಾದಿದ್ದರು ಎಂದು ನನ್ನ ಮಂದ ತಲೆಗೆ ಆಗ ಹೊಳೆಯಿತು. ಹೀಗೆ ಕೇಳಿ, ಹೀಗೆ ಉತ್ತರ ಪಡೆದ ಮೇಲೆ ಯಾರೂ ಸುಮ್ಮನೆ ಕೂರಲಾರರು. ಅಜ್ಜ ಎದ್ದರು.

"ಮಾಂಸ ಹೊರಗೆ ತೆಗೀರಿ. ಮದುವೆಗೆ ಕುರಿ ಮತ್ತೆ ಸಿಗುತ್ತೆ. ಏ ಡ್ರೈವರ್, ನಿಂತು ಏನು ನೋಡ್ತೀಯ? ಒಲೆ ಹಚ್ಚು. ಇದನ್ನೀಗ ತಿಂದು ಮುಗಿಸಬೇಕಲ್ಲ."

ಮಧ್ಯಾಹ್ನ ಇಡೀ ಊರು ಅಲ್ಲಿತ್ತು. ಬಂದವರೆಲ್ಲ ಒಂದೊಂದು ಚೀಲ ಹೊತ್ತೊಯ್ದು ತಮ್ಮ ಫ್ರೀಜರಿನಲ್ಲಿಟ್ಟು, ಮತ್ತೆ ಬಂದು ಊಟಕ್ಕೆ ಕೂತರು. ಮದುವೆಯ ಹುಡುಗಿಯೇ ಬಡಿಸಿದಳು. "ಮದುವೆಗೆ ಮುಂಚೆಯೇ ಮದುವೆ ಊಟ ಮಾಡ್ತಿದ್ದೀರಿ, ಉಡುಗೊರೆ ಮರೀಬೇಡಿ," ಎಂದು ನನ್ನ ತಟ್ಟೆಗೆ ಮೂಳೆಯನ್ನೇ ಹಾಕಿದಳು. ಯೋಗ್ಯತೆಗೆ ತಕ್ಕದ್ದೇ.

ಮೋಟಾರು ರಿಪೇರಿಯಾಗಿ ಮೊದಲ ಪುಡಿ ಬಂದ ದಿನ ಪಾಪಾಯ್ ಅದರ ಒಂದು ಚಿಟಿಕೆಯನ್ನು ನೀರಿಗೆ ಹಾಕಿ ನಿಂಬೆರಸ ಹಿಂಡಿದರು. ಬಣ್ಣ ಸತ್ತಿದ್ದರೆ ನೀರು ಕಂದಾಗಿಯೇ ಉಳಿಯುತ್ತದೆ, ಬದುಕಿದ್ದರೆ ಹುಳಿ ತಾಗಿ ಕೆಂಪಾಗುತ್ತದೆ. ನಮ್ಮ ಲೋಟ ಕಣ್ಣೆದುರೇ ಕೆಂಪೇರಿತು. ಪಾಪಾಯ್ ಮುಖ ಒರೆಸಿಕೊಂಡರು. ಕೆನ್ನೆಯ ಮೇಲೆ ನೇರಳೆ ಗೀರು ಉಳಿಯಿತು.

ಆ ಪುಡಿಯ ಮೊದಲ ಪೊಟ್ಟಣ ಅರ್ತೆಮಿಯೊ ಅಜ್ಜನಿಗೆ. ಕೊಂಡೊಯ್ದವನು ನಾನು. ಅಂಗಳದಲ್ಲಿ ಗಾಡಿ ನಿಲ್ಲಿಸಿ, ಪೊಟ್ಟಣವನ್ನು ಜೇಬಿನಲ್ಲೇ ಇಟ್ಟುಕೊಂಡು, ಬೆಂಚಿನ ಮೇಲೆ ಅವರ ಪಕ್ಕ ಕೂತೆ.

"ಕುದುರೆಯ ಕಾಲು ಈಗ ಹೇಗಿದೆ ಅಜ್ಜ?" ಎಂದು ಕೇಳಿದೆ.